ರಿಜಿಸ್ಟರಿನಲ್ಲಿ ಇಲ್ಲದ ಮಕ್ಕಳು

ನಾನು ಮೊದಲು ನೋಡಿದ್ದು ಒಂದು ಪಟ್ಟಿ. ಕೇಂದ್ರಗಳ ಹೆಸರು ಸಾಲಾಗಿ ಇದ್ದವು, ಪ್ರತಿ ಹೆಸರಿನ ಮುಂದೆ ಹಸಿರು ಚೌಕ. ಗರ್ಭಿಣಿಯರ ನೋಂದಣಿ ಹಸಿರು. ಮಕ್ಕಳ ತೂಕ ಹಸಿರು. ಮಾತ್ರೆ ಹಂಚಿಕೆಯೂ ಹಸಿರು.

ತಾಯಿ ಮತ್ತು ಮಕ್ಕಳ ಆರೋಗ್ಯಕ್ಕಾಗಿ ಶುರುವಾದ ಕಾರ್ಯಕ್ರಮ ಅದು. ಗರ್ಭಿಣಿಯರಿಗೆ ತಪಾಸಣೆ, ಕಬ್ಬಿಣಾಂಶದ ಮಾತ್ರೆ, ಪೂರಕ ಆಹಾರ. ಹುಟ್ಟಿದ ಮಗುವಿಗೆ ಎರಡು ವರ್ಷದ ತನಕ ತಿಂಗಳಿಗೊಮ್ಮೆ ತೂಕ. ಮಗುವಿಗೆ ಏನು, ಎಷ್ಟು ಸಲ ಉಣಿಸಬೇಕು ಎಂದು ತಾಯಿಗೆ ತಿಳಿಸಿ ಹೇಳುವುದು. ಎರಡು ವರ್ಷ ನಡೆದಿತ್ತು. ಇದರಿಂದ ಮಕ್ಕಳಿಗೆ ನಿಜವಾಗಿ ಒಳ್ಳೆಯದಾಯಿತಾ ಎಂದು ನೋಡಿ ಹೇಳುವ ತಂಡದಲ್ಲಿ ನಾನಿದ್ದೆ. ನನ್ನ ಪಾಲಿಗೆ ಬಂದದ್ದು ಅಂಕಿಅಂಶದ ಕೆಲಸ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ ಎಂದೇ ನಾನು ಅಂದುಕೊಂಡಿದ್ದೆ.

ಪಟ್ಟಿಯನ್ನು ನಮ್ಮ ತಂಡದ ಹಿರಿಯರಿಗೆ ತೋರಿಸಿದೆ. ‘ಮೇಡಂ, ಬಹುತೇಕ ಎಲ್ಲ ಮಕ್ಕಳ ತೂಕ ನೋಡಿದ್ದಾರೆ’ ಎಂದೆ. ಅವರು ಪಟ್ಟಿ ನೋಡಲೇ ಇಲ್ಲ. ‘ಎಲ್ಲ ಅಂದ್ರೆ ಯಾರಮ್ಮಾ?’ ಎಂದು ಕೇಳಿದರು.

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಶೇಕಡಾ ಲೆಕ್ಕದಲ್ಲಿ ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ. ಮೇಲೆ ತೂಕ ನೋಡಿದ ಮಕ್ಕಳು. ಕೆಳಗೆ ರಿಜಿಸ್ಟರಿನಲ್ಲಿ ಹೆಸರಿರುವ ಮಕ್ಕಳು. ಹೆಸರೇ ಬರೆಯದ ಮಗು ಮೇಲೂ ಇಲ್ಲ, ಕೆಳಗೂ ಇಲ್ಲ. ಊರಲ್ಲಿ 100 ಮಕ್ಕಳಿದ್ದು, 60 ಮಕ್ಕಳ ಹೆಸರು ಬರೆದು, ಆ 60 ಮಕ್ಕಳ ತೂಕ ನೋಡಿದರೂ ಪಟ್ಟಿ ನೂರಕ್ಕೆ ನೂರು ಎನ್ನುತ್ತದೆ. ಆ ದಿನದಿಂದ ಯಾವ ಶೇಕಡಾ ಕಂಡರೂ ನಾನು ಮೊದಲು ಛೇದ ಹುಡುಕುತ್ತೇನೆ.

ಮುಂದಿನ ಒಂದು ವಾರ ರಿಜಿಸ್ಟರುಗಳ ಜೊತೆಯಲ್ಲೇ ಕಳೆಯಿತು. ತೂಕದ ಕಾಲಮ್ಮಿನಲ್ಲಿ ಕೊನೆಯ ಅಂಕಿಗಳನ್ನು ಮಾತ್ರ ಎಣಿಸಿ ನೋಡಿದೆ. ನೂರು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿಯಲ್ಲಿ ಸಾವಿರಾರು ಮಕ್ಕಳನ್ನು ತೂಗಿದರೆ 0ಯಿಂದ 9ರ ತನಕ ಎಲ್ಲ ಅಂಕಿಗಳೂ ಹೆಚ್ಚುಕಮ್ಮಿ ಸಮನಾಗಿ ಬರಬೇಕು. ಅಲ್ಲಿ 0 ಮತ್ತು 5 ತುಂಬಿದ್ದವು. 8.0, 8.5, 9.0 ಹೀಗೆ. ಕೆಲವು ಪುಟಗಳಲ್ಲಿ ಒಂದೇ ಮಗು ಪ್ರತಿ ತಿಂಗಳು ಸರಿಯಾಗಿ ಅಷ್ಟಷ್ಟೇ ಏರುತ್ತಿತ್ತು. ಮಗು ಹಾಗೆ ಬೆಳೆಯುವುದಿಲ್ಲ. ಒಂದು ವಾರ ಜ್ವರ, ಭೇದಿ ಬಂದರೆ ತೂಕ ಇಳಿಯುತ್ತದೆ, ಆಮೇಲೆ ಮತ್ತೆ ಏರುತ್ತದೆ.

ಇದನ್ನು ಕಂಡು ಆರೋಗ್ಯ ಕಾರ್ಯಕರ್ತೆಯರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಕೇಂದ್ರಕ್ಕೆ ಹೋಗಿ ನೋಡಿದ ಮೇಲೆ ಸಿಟ್ಟು ಉಳಿಯಲಿಲ್ಲ. ಒಬ್ಬರೇ ಹೆಂಗಸು. ಮೇಜಿನ ಮೇಲೆ ಹಲವು ಪುಸ್ತಕಗಳು. ಒಂದೇ ಮಗುವಿನ ಹೆಸರನ್ನು ಬೇರೆ ಬೇರೆ ಕಡೆ ಮತ್ತೆ ಮತ್ತೆ ಬರೆಯಬೇಕು. ತಕ್ಕಡಿಯ ಮುಳ್ಳು ಸೊನ್ನೆಗೆ ಬರುತ್ತಿರಲಿಲ್ಲ. ದುರಸ್ತಿಗೆ ಕೇಳಿ ಎಷ್ಟೋ ತಿಂಗಳಾಗಿತ್ತು. ತುಂಬಿಸಿ ಕಳಿಸಿದ ಮಾಹಿತಿ ಏನಾಯಿತು ಎಂದು ಅವರಿಗೆ ಯಾರೂ ಒಂದು ಸಲವೂ ಹೇಳಿರಲಿಲ್ಲ. ಯಾರೂ ಓದದ ಪುಸ್ತಕವನ್ನು ಯಾರು ತಾನೇ ಕಾಳಜಿಯಿಂದ ಬರೆದಾರು?

ರಿಜಿಸ್ಟರ್ ಮಾತ್ರ ನಂಬಿ ಉತ್ತರ ಕೊಡಲು ಆಗುವುದಿಲ್ಲ ಎಂದು ಗೊತ್ತಾಯಿತು. ಅದೃಷ್ಟಕ್ಕೆ ಕಾರ್ಯಕ್ರಮ ಶುರುವಾಗುವ ಮೊದಲೇ ಒಂದು ಸಮೀಕ್ಷೆ ಆಗಿತ್ತು. ಕಾರ್ಯಕ್ರಮ ಬರಲಿದ್ದ ಊರುಗಳಲ್ಲೂ, ಅಂಥವೇ ಆದರೆ ಕಾರ್ಯಕ್ರಮ ಇಲ್ಲದ ಬೇರೆ ಊರುಗಳಲ್ಲೂ ಮಕ್ಕಳನ್ನು ಅಳೆದಿದ್ದರು. ಈಗ ಅದೇ ರೀತಿ ಮತ್ತೊಮ್ಮೆ ಅಳೆಯಬೇಕಿತ್ತು.

ಅಳತೆಯ ತರಬೇತಿಯ ಬಗ್ಗೆ ನಾನು ಜಾಸ್ತಿ ಹೇಳಲೇಬೇಕು. ಈ ಇಡೀ ಕೆಲಸದಲ್ಲಿ ನನ್ನನ್ನು ಬದಲಿಸಿದ್ದು ಅದೇ.

ಹತ್ತು ಮಕ್ಕಳನ್ನು ಕರೆಸಿದ್ದರು. ಪ್ರತಿ ಅಳತೆಗಾರರೂ ಪ್ರತಿ ಮಗುವನ್ನೂ ಎರಡು ಸಲ ಅಳೆಯಬೇಕು. ಎರಡನೇ ಸಲ ಅಳೆಯುವಾಗ ಮೊದಲಿನ ಚೀಟಿ ಕೈಯಲ್ಲಿ ಇರಬಾರದು. ಒಬ್ಬರೇ ಎರಡು ಸಲ ಅಳೆದದ್ದರಲ್ಲಿ ಎಷ್ಟು ವ್ಯತ್ಯಾಸ, ಪಳಗಿದ ಅಳತೆಗಾರರಿಗೂ ಇವರಿಗೂ ಎಷ್ಟು ವ್ಯತ್ಯಾಸ, ಎರಡನ್ನೂ ಲೆಕ್ಕ ಹಾಕುತ್ತಾರೆ. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಉದ್ದ ಅಳೆಯಬೇಕು. ಎರಡು ವರ್ಷ ದಾಟಿದ ಮಗುವನ್ನು ನಿಲ್ಲಿಸಿ ಎತ್ತರ ಅಳೆಯಬೇಕು. ಅದೇ ಮಗುವಿಗೆ ಈ ಎರಡು ಅಳತೆಯ ನಡುವೆ ಸುಮಾರು 0.7 ಸೆಂ.ಮೀ. ಅಂತರ ಇರುತ್ತದೆ. ಇದು ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ.

ನಾನೂ ಅಳೆದೆ. ಮಲಗಿಸಿದ ಕೂಡಲೇ ಮಗು ಅಳತೊಡಗಿತು, ಮೊಣಕಾಲು ಮಡಚಿತು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲನ್ನು ಮೆಲ್ಲಗೆ ಒತ್ತಿ ಪಾದಕ್ಕೆ ಪಟ್ಟಿ ಸರಿಸಬೇಕು. ಮಗುವಿನ ಅಳು ಕೇಳಲಾಗದೆ ನಾನು ಬೇಗ ಓದಿ ಬಿಟ್ಟುಬಿಟ್ಟೆ. ನನ್ನ ಎರಡು ಅಳತೆಗಳ ನಡುವೆ ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂತು. ಅಷ್ಟು ವರ್ಷ ಕಂಪ್ಯೂಟರಿನಲ್ಲಿ ನಾನು ಎರಡನೇ ದಶಾಂಶದ ತನಕ ಬರೆದ ಸಂಖ್ಯೆಗಳೆಲ್ಲ ಇಂಥ ಹಲಗೆಗಳಿಂದಲೇ ಬಂದದ್ದು ಅಲ್ವಾ ಎಂದು ಅವತ್ತು ಅನಿಸಿತು.

ತರಬೇತಿ ಕೊಡುತ್ತಿದ್ದ ಅಕ್ಕ ಹೇಳಿದರು: ‘ಮಗುವಿನ ಅಮ್ಮನನ್ನು ತಲೆಯ ಹತ್ತಿರ ಕೂರಿಸು. ಅಮ್ಮನ ಮುಖ ಕಂಡರೆ ಕಾಲು ತಾನಾಗಿ ಸಡಿಲ ಆಗುತ್ತೆ.’ ನಿಜಕ್ಕೂ ಆಯಿತು. ಮೂರನೇ ದಿನಕ್ಕೆ ನನ್ನ ಅಳತೆ ಸರಿಹೋಯಿತು. ಇಬ್ಬರದು ಸರಿಹೋಗಲಿಲ್ಲ. ಅವರನ್ನು ಪ್ರಶ್ನಾವಳಿ ಕೇಳುವ ಕೆಲಸಕ್ಕೆ ಹಾಕಿದೆವು.

ಅಳತೆಗಿಂತ ಕಷ್ಟವಾದದ್ದು ವಯಸ್ಸು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಯ ಮಾನದಂಡ ಹೊರತಂದಿತು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಹೀಗೆ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು ಮಾಡಿದ್ದು ಅದು. ಎದೆಹಾಲು ಕುಡಿದು, ಒಳ್ಳೆಯ ಆರೈಕೆಯಲ್ಲಿ ಬೆಳೆದರೆ ಮಗು ಯಾವ ದೇಶದಲ್ಲಿ ಹುಟ್ಟಿದರೂ ಹೆಚ್ಚುಕಮ್ಮಿ ಒಂದೇ ರೀತಿ ಬೆಳೆಯುತ್ತದೆ ಎಂದು ಅದರಿಂದ ಗೊತ್ತಾಯಿತು. ನಮ್ಮ ಮಗು ಆ ಮಾನದಂಡದ ನಡುಗೆರೆಯಿಂದ ಎಷ್ಟು ದೂರ ಇದೆ ಎಂದು ಹೇಳುವ ಸಂಖ್ಯೆಯೇ ಝಡ್ ಸ್ಕೋರ್. ವಯಸ್ಸಿಗೆ ತಕ್ಕ ಎತ್ತರದಲ್ಲಿ ಅದು ಮೈನಸ್ 2ಕ್ಕಿಂತ ಕೆಳಗಿದ್ದರೆ ಬೆಳವಣಿಗೆ ಕುಂಠಿತ ಎನ್ನುತ್ತೇವೆ.

ಇಲ್ಲಿ ವಯಸ್ಸು ಒಂದಿಷ್ಟು ತಪ್ಪಿದರೂ ಉತ್ತರ ತಲೆಕೆಳಗಾಗುತ್ತದೆ. 73 ಸೆಂ.ಮೀ. ಉದ್ದದ ಗಂಡುಮಗುವಿಗೆ 12 ತಿಂಗಳಾಗಿದ್ದರೆ ಅದು ಕುಂಠಿತದ ಗಡಿಗಿಂತ ಮೇಲಿದೆ, ಏಕೆಂದರೆ ಆ ವಯಸ್ಸಿಗೆ ಗಡಿ 71 ಸೆಂ.ಮೀ. ಅದೇ ಮಗುವಿಗೆ 15 ತಿಂಗಳು ಅಂದರೆ ಗಡಿ 74.1, ಮಗು ಕುಂಠಿತದ ಲೆಕ್ಕಕ್ಕೆ ಬಿತ್ತು. ಮಗು ಅದೇ, ಹಲಗೆಯೂ ಅದೇ. ತಾಯಂದಿರನ್ನು ಕೇಳಿದರೆ ‘ಒಂದು ವರ್ಷ’, ‘ಒಂದೂವರೆ ವರ್ಷ’, ‘ಎರಡು ತುಂಬಿತು’ ಎನ್ನುತ್ತಾರೆ. ಹಾಗಾಗಿ 12, 18, 24ನೇ ತಿಂಗಳಲ್ಲಿ ಮಕ್ಕಳ ಗುಂಪು ಕೂಡಿಬಿಡುತ್ತದೆ. ಹುಟ್ಟಿದ ದಿನದ ದಾಖಲೆ ಇದ್ದರೆ ಅದನ್ನೇ ನೋಡಿ ಬರೆದೆವು. ಇಲ್ಲದ ಮನೆಗಳಲ್ಲಿ ಆ ಊರಿನ ಘಟನೆಗಳ ಕ್ಯಾಲೆಂಡರ್ ಹಿಡಿದು ಕೂತೆವು. ಮಳೆ ಶುರುವಾಗುವ ಮೊದಲಾ, ಆಮೇಲಾ? ಕೊಯ್ಲಿನ ಹೊತ್ತಿಗೆ ಬಸುರಿಯಾ, ಬಾಣಂತಿಯಾ? ಒಂದು ಮಗುವಿನ ತಿಂಗಳು ಗೊತ್ತುಮಾಡಲು ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಅಜ್ಜಿ, ಅತ್ತಿಗೆ, ಪಕ್ಕದ ಮನೆಯವರು ಎಲ್ಲ ಬಂದು ಕೂಡಿಕೊಳ್ಳುತ್ತಿದ್ದರು. ನನಗೆ ತುಂಬಾ ಇಷ್ಟವಾದ ಹೊತ್ತು ಅದು.

ಮಗು ಏನು ತಿನ್ನುತ್ತದೆ ಎಂದು ಕೇಳುವುದಕ್ಕೂ ಒಂದು ರೀತಿ ಇದೆ. ‘ದಿನಾ ಏನು ಕೊಡುತ್ತೀರಿ’ ಎಂದರೆ ಕೊಡಬೇಕಾದದ್ದನ್ನು ಹೇಳುತ್ತಾರೆ. ‘ನಿನ್ನೆ ಬೆಳಗ್ಗೆ ಎದ್ದ ಮೇಲೆ ಮೊದಲು ಏನು ತಿಂದಿತು? ಆಮೇಲೆ?’ ಎಂದು ರಾತ್ರಿ ಮಲಗುವ ತನಕ ಕೇಳುತ್ತಾ ಹೋಗಬೇಕು. 6ರಿಂದ 23 ತಿಂಗಳ ಮಗು ಎಂಟು ಗುಂಪುಗಳಲ್ಲಿ ಕನಿಷ್ಠ ಐದನ್ನು ತಿಂದಿರಬೇಕು ಎಂದು ಲೆಕ್ಕ. ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಹಾಲಿನ ಪದಾರ್ಥ, ಮಾಂಸ ಮೀನು, ಮೊಟ್ಟೆ, ವಿಟಮಿನ್ ಎ ಇರುವ ಹಣ್ಣು ತರಕಾರಿ, ಬೇರೆ ಹಣ್ಣು ತರಕಾರಿ. ಹಿಂದೆ ಇದು ಏಳರಲ್ಲಿ ನಾಲ್ಕು ಎಂದಿತ್ತು, ಎದೆಹಾಲು ಸೇರಿರಲಿಲ್ಲ. ಮೊದಲ ಸಮೀಕ್ಷೆಯ ವರದಿ ಹಳೆಯ ಲೆಕ್ಕದಲ್ಲಿತ್ತು. ಅದರ ಶೇಕಡಾವನ್ನು ಹಾಗೇ ಎತ್ತಿ ನಮ್ಮದರ ಪಕ್ಕ ಇಟ್ಟಿದ್ದರೆ ಎರಡು ಬೇರೆ ಬೇರೆ ವಸ್ತುಗಳನ್ನು ಹೋಲಿಸಿದಂತೆ ಆಗುತ್ತಿತ್ತು. ಹಳೆಯ ಮೂಲ ಮಾಹಿತಿ ತರಿಸಿಕೊಂಡು ಮತ್ತೆ ಹೊಸ ಲೆಕ್ಕದಲ್ಲಿ ಹಾಕಿದೆ. ಎರಡು ರಾತ್ರಿಯ ಕೆಲಸ.

ಇನ್ನು ಮುಚ್ಚಿದ ಬಾಗಿಲುಗಳು. ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಿದ್ದೆವು. ಆರಿಸಿದ ಮನೆಯಲ್ಲಿ ಯಾರೂ ಇಲ್ಲ ಅಂದರೆ ಪಕ್ಕದ ಮನೆಗೆ ಹೋಗುವಂತಿಲ್ಲ, ಮತ್ತೆ ಬರಬೇಕು. ಮೂರು ಸಲ. ಇದು ಸುಮ್ನೆ ಹಟ ಎಂದು ತಂಡದ ಹುಡುಗರು ಗೊಣಗಿದರು. ಮೊದಮೊದಲು ನನಗೂ ಹಾಗೇ ಅನಿಸಿತ್ತು. ಹಗಲು ಹನ್ನೊಂದು ಗಂಟೆಗೆ ಬಾಗಿಲು ಹಾಕಿದ ಮನೆ ಎಂದರೆ ಕೂಲಿಗೆ ಹೋದ ತಾಯಿಯ ಮನೆ. ಬೆಳಗ್ಗೆ ಆರಕ್ಕೆ ಹೋದಾಗ ಒಬ್ಬರು ಸಿಕ್ಕರು. ಒಲೆ ಹೊತ್ತಿಸುತ್ತಲೇ ಮಾತಾಡಿದರು. ಎಂಟು ತಿಂಗಳ ಮಗುವನ್ನು ದೊಡ್ಡ ಮಗಳ ಕೈಗೆ ಕೊಟ್ಟು ಹೋಗುತ್ತಿದ್ದರು. ದೊಡ್ಡ ಮಗಳಿಗೆ ಒಂಬತ್ತು ವರ್ಷ.

‘ನಿಮ್ಮ ಮಗುವಿನ ತೂಕ ನೋಡಿದ್ದಾರಾ?’ ಎಂದು ಕೇಳಿದೆ.

‘ಯಾವತ್ತು ನೋಡ್ತಾರೆ ಅಕ್ಕ? ನಾನು ಬರೋ ಹೊತ್ತಿಗೆ ಅವರು ಹೋಗಿರ್ತಾರೆ’ ಎಂದರು.

ಮಗುವಿನ ತೋಳಿಗೆ ಪಟ್ಟಿ ಸುತ್ತಿದೆ. ತೋಳಿನ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಪಟ್ಟಿ ಕೆಂಪು ಬಣ್ಣದಲ್ಲಿ ನಿಂತಿತು. ಇಂಥ ಮಗು ಸಿಕ್ಕರೆ ಅಳತೆ ಬರೆದುಕೊಂಡು ಮುಂದೆ ಹೋಗುವಂತಿಲ್ಲ ಎಂದು ನಾವು ಮೊದಲೇ ನಿರ್ಧರಿಸಿದ್ದೆವು. ಅವತ್ತೇ ಆ ತಾಯಿ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರ ಒಂದು ದಿನದ ಕೂಲಿ ಹೋಯಿತು. ಆ ಮಗುವಿನ ಹೆಸರು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಅದರ ಕೇಂದ್ರದ ಮುಂದಿದ್ದ ಚೌಕವೂ ಹಸಿರೇ.

ಮಾಹಿತಿ ಎಲ್ಲ ಬಂದ ಮೇಲೆ ನಂಬಲಾಗದ ಅಳತೆಗಳನ್ನು ತೆಗೆದೆ. ಎತ್ತರದ ಝಡ್ ಸ್ಕೋರ್ ಮೈನಸ್ 6ಕ್ಕಿಂತ ಕೆಳಗೆ ಅಥವಾ ಪ್ಲಸ್ 6ಕ್ಕಿಂತ ಮೇಲೆ ಹೋದರೆ ಅದು ಅಳತೆಯದೋ ವಯಸ್ಸಿನದೋ ತಪ್ಪು ಎಂದೇ ಹಿಡಿಯುತ್ತಾರೆ. ಆಮೇಲೆ ಮೊದಲ ಫಲಿತಾಂಶ ಬಂತು. ನೋಡಿ ಕೈಕಾಲು ತಣ್ಣಗಾಯಿತು. ಪೂರಕ ಆಹಾರ ಪಡೆದ ಮಕ್ಕಳು ಪಡೆಯದ ಮಕ್ಕಳಿಗಿಂತ ಸಣಕಲಾಗಿದ್ದರು.

ಆಹಾರ ಕೊಟ್ಟು ಮಕ್ಕಳು ಸೊರಗಿದರಾ? ಅಲ್ಲ. ಕಾರ್ಯಕರ್ತೆಯರು ಸೊರಗಿದ ಮಕ್ಕಳನ್ನೇ ಹುಡುಕಿ ಹುಡುಕಿ ಸೇರಿಸಿದ್ದರು. ಅವರು ಒಳ್ಳೆಯ ಕೆಲಸ ಮಾಡಿದ್ದರಿಂದಲೇ ಹೋಲಿಕೆ ಕೆಟ್ಟದಾಗಿ ಕಾಣುತ್ತಿತ್ತು. ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದರೆ ಈ ಗುಂಡಿಗೆ ಬೀಳುತ್ತೇವೆ.

ಇದಕ್ಕೆ ಎದುರು ದಿಕ್ಕಿನ ಗುಂಡಿಯೂ ಇದೆ. ಕಾರ್ಯಕ್ರಮದವರ ಹತ್ತಿರ ಒಂದು ಹೆಮ್ಮೆಯ ಪಟ್ಟಿ ಇತ್ತು, ಕಡಿಮೆ ತೂಕದ ಮಕ್ಕಳಲ್ಲಿ ಎಷ್ಟು ಮಂದಿ ಚೇತರಿಸಿಕೊಂಡರು ಎಂದು. ಜ್ವರ ಬಂದ ವಾರದಲ್ಲಿ ತೂಗಿದ ಮಗು ಕಡಿಮೆ ತೂಗುತ್ತದೆ, ಪಟ್ಟಿಗೆ ಸೇರುತ್ತದೆ. ಮುಂದಿನ ತಿಂಗಳು ಜ್ವರ ಹೋಗಿ ತೂಕ ವಾಪಸ್ ಬರುತ್ತದೆ. ನಾವು ಏನೂ ಮಾಡದಿದ್ದರೂ ಬರುತ್ತಿತ್ತು. ತಕ್ಕಡಿಯ ತಪ್ಪಿನಿಂದ ಕೆಳಗೆ ಬಿದ್ದ ಮಗುವೂ ಹಾಗೆಯೇ. ಒಂದು ದಿನದ ಅತಿ ಕೆಳಗಿನವರನ್ನು ಆರಿಸಿಕೊಂಡರೆ ಮರುದಿನ ಅವರ ಸರಾಸರಿ ಮೇಲೇಳುವುದು ಸಹಜ. ಇದನ್ನು ಹೇಳಿದಾಗ ಕಾರ್ಯಕ್ರಮದ ಅಧಿಕಾರಿಯ ಮುಖ ಸಪ್ಪಗಾಯಿತು. ನನಗೂ ಬೇಸರವಾಯಿತು. ಕೆಲವು ಮಕ್ಕಳು ನಿಜವಾಗಿಯೂ ಚೇತರಿಸಿಕೊಂಡಿದ್ದರು, ಆದರೆ ಆ ಪಟ್ಟಿಯಿಂದ ಅದು ಯಾರೆಂದು ಹೇಳಲು ಆಗುತ್ತಿರಲಿಲ್ಲ.

ಕೊನೆಗೆ ನಾವು ನೆಚ್ಚಿಕೊಂಡದ್ದು ಊರುಗಳ ಹೋಲಿಕೆ. ಕಾರ್ಯಕ್ರಮದ ಊರುಗಳಲ್ಲಿ ಎರಡು ವರ್ಷದಲ್ಲಿ ಎಷ್ಟು ಬದಲಾಯಿತು, ಕಾರ್ಯಕ್ರಮ ಇಲ್ಲದ ಊರುಗಳಲ್ಲಿ ಎಷ್ಟು ಬದಲಾಯಿತು, ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿದದ್ದು. ಪಡೆದವರು, ಪಡೆಯದವರು ಎಂದು ಬೇರೆ ಮಾಡದೆ ಊರಿನ ಎಲ್ಲ ಮಕ್ಕಳೂ ಲೆಕ್ಕಕ್ಕೆ ಬಂದರು. ಕಾರ್ಯಕ್ರಮ ಇಲ್ಲದ ಊರುಗಳೂ ಸುಮ್ಮನೆ ಕೂತಿರಲಿಲ್ಲ. ಅಲ್ಲಿಗೂ ರಸ್ತೆ ಬಂದಿತ್ತು, ನೀರು ಬಂದಿತ್ತು, ಲಸಿಕೆ ಹೆಚ್ಚಿತ್ತು. ಅಲ್ಲೂ ಮಕ್ಕಳು ಸ್ವಲ್ಪ ಉತ್ತಮವಾಗಿದ್ದರು. ಹಿಂದಿನದಕ್ಕೂ ಈಗಿನದಕ್ಕೂ ಮಾತ್ರ ಹೋಲಿಸಿದ್ದರೆ ಆ ಒಳ್ಳೆಯದನ್ನೂ ಕಾರ್ಯಕ್ರಮದ ಖಾತೆಗೆ ಬರೆದುಬಿಡುತ್ತಿದ್ದೆವು.

ಉಳಿದದ್ದು ಏನು? ಮಕ್ಕಳ ಊಟದಲ್ಲಿ ವೈವಿಧ್ಯ ಸ್ಪಷ್ಟವಾಗಿ ಹೆಚ್ಚಿತ್ತು. ಒಟ್ಟಾರೆ ಮಕ್ಕಳ ಎತ್ತರದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣದು. ವಯಸ್ಸಿನ ಪ್ರಕಾರ ಬೇರೆ ಮಾಡಿ ನೋಡುತ್ತೇವೆ ಎಂದು ಮಾಹಿತಿ ಬರುವ ಮೊದಲೇ ಬರೆದಿಟ್ಟಿದ್ದೆವು. ಹಾಗೆ ನೋಡಿದಾಗ, ಹೊಟ್ಟೆಯಲ್ಲಿ ಇದ್ದಾಗಿನಿಂದಲೂ ಕಾರ್ಯಕ್ರಮ ಸಿಕ್ಕ ಚಿಕ್ಕ ಮಕ್ಕಳಲ್ಲಿ ಸ್ವಲ್ಪ ಲಾಭ ಕಂಡಿತು. ಅಳತೆಯ ಅನಿಶ್ಚಿತತೆ ದೊಡ್ಡದಿತ್ತು, ಅದನ್ನೂ ವರದಿಯಲ್ಲಿ ಬರೆದೆವು. ಬಸುರಿನ 270 ದಿನ, ಆಮೇಲಿನ ಎರಡು ವರ್ಷದ 730 ದಿನ, ಒಟ್ಟು ಈ ಸಾವಿರ ದಿನವೇ ಮಗುವಿನ ಬೆಳವಣಿಗೆಗೆ ಮುಖ್ಯ ಎಂದು ಹೇಳುತ್ತಾರಲ್ಲ, ಅದಕ್ಕೆ ಇದು ಹೊಂದುತ್ತದೆ. ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರ ತನಕ ನಡೆದ ಪೂರಕ ಆಹಾರದ ಪ್ರಯೋಗದಲ್ಲೂ ಎತ್ತರಕ್ಕೆ ಲಾಭ ಕಂಡದ್ದು ಮೂರು ವರ್ಷದೊಳಗಿನ ಮಕ್ಕಳಲ್ಲೇ.

ಕಬ್ಬಿಣಾಂಶದ ಮಾತ್ರೆಯದು ಬೇರೆ ಕಥೆ. ಹಂಚಿದ್ದು ನಿಜ. ‘ಎಷ್ಟು ಮಾತ್ರೆ ಕೊಟ್ಟರು’ ಎಂದು ಕೇಳಿ ನಿಲ್ಲಿಸದೆ ‘ಎಷ್ಟು ದಿನ ನುಂಗಿದಿರಿ, ಉಳಿದದ್ದು ಇದ್ದರೆ ತೋರಿಸುತ್ತೀರಾ’ ಎಂದು ಕೇಳಿದೆವು. ಡಬ್ಬಿಗಳಿಂದ, ಸೀರೆಯ ಮಡಿಕೆಯಿಂದ ಮಾತ್ರೆಗಳ ಪಟ್ಟಿಗಳು ಹೊರಗೆ ಬಂದವು. ವಾಂತಿ ಬಂದಂತಾಗುತ್ತದೆ, ಮಲಬದ್ಧತೆ, ಮಲ ಕಪ್ಪಾಗಿ ಭಯವಾಯಿತು ಎಂದರು. ಇದು ಹೀಗೇ ಆಗುತ್ತದೆ, ಭಯ ಬೇಡ ಎಂದು ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ಎಷ್ಟೋ ಮಂದಿ ನುಂಗುತ್ತಿದ್ದರು.

ವರದಿ ಕೊಟ್ಟ ಮೇಲೆ ನಮ್ಮ ಕೆಲಸ ಮುಗಿಯಿತು ಎಂದೇ ಲೆಕ್ಕ. ಮೇಡಂ ಒಪ್ಪಲಿಲ್ಲ. ‘ಅಳೆದವರಿಗೆ, ಅಳೆಸಿಕೊಂಡವರಿಗೆ ಹೇಳದೆ ಹೋಗುವ ಹಾಗಿಲ್ಲ’ ಎಂದರು. ಕಾರ್ಯಕರ್ತೆಯರನ್ನು ಒಂದು ಕಡೆ ಸೇರಿಸಿದೆವು. ನಾನು ಗ್ರಾಫ್ ತಂದಿದ್ದೆ. ಅರ್ಧಕ್ಕೆ ಮಡಿಸಿಟ್ಟು, ಬಿಳಿ ಹಾಳೆಯಲ್ಲಿ ಒಂದು ಊರಿನ ಮನೆಗಳನ್ನು ಚೌಕ ಚೌಕವಾಗಿ ಬರೆದೆ. ರಿಜಿಸ್ಟರಿನಲ್ಲಿ ಇದ್ದ ಮನೆಗಳಿಗೆ ಹಸಿರು ತುಂಬಿದೆ. ಸಮೀಕ್ಷೆಯಲ್ಲಿ ಸಿಕ್ಕಿ ರಿಜಿಸ್ಟರಿನಲ್ಲಿ ಇಲ್ಲದ ಮನೆಗಳನ್ನು ಖಾಲಿ ಬಿಟ್ಟೆ. ಖಾಲಿ ಚೌಕಗಳು ಹೆಚ್ಚಾಗಿ ಒಂದೇ ಮೂಲೆಯಲ್ಲಿದ್ದವು.

ಒಬ್ಬರು ಹಿರಿಯ ಕಾರ್ಯಕರ್ತೆ ಎದ್ದು ಬಂದು ಹಾಳೆಯ ಮುಂದೆ ನಿಂತರು. ‘ಇದು ಹೊರಗಿಂದ ಕೆಲಸಕ್ಕೆ ಬಂದವರು ಇರೋ ಜಾಗ ಅಲ್ವಾ? ಅವರು ನಮ್ಮ ಊರಿನ ಲೆಕ್ಕಕ್ಕೆ ಬರಲ್ಲ ಅಂತ ನಮಗೆ ಹೇಳಿದ್ರು’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಅವರು ಯಾವ ಊರಿನ ಲೆಕ್ಕ?’ ಎಂದು ನನ್ನನ್ನೇ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಭೆಯಲ್ಲಿದ್ದ ಅಧಿಕಾರಿ ನಿಯಮ ನೋಡಿ ಹೇಳುತ್ತೇನೆ ಎಂದರು. ಕಾರ್ಯಕರ್ತೆ ಅದಕ್ಕೆ ಕಾಯಲಿಲ್ಲ. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಮರುದಿನ ಬೆಳಗ್ಗೆ ಆರಕ್ಕೆ, ಕೂಲಿಗೆ ಹೊರಡುವ ಮೊದಲೇ ಸಿಗುತ್ತಾರೆ ಎಂದು, ಆ ಮೂಲೆಯ ಮನೆಗಳಿಗೆ ಹೊರಟರು. ಸೊನ್ನೆಗೆ ಬರುವ ನಮ್ಮ ತಕ್ಕಡಿ ಹಿಡಿದು ನಾನೂ ಜೊತೆಗೆ ಹೋದೆ.